ತಡವಾಗಿ ಬಂದ ಮನ್ನಾ: ಜಾಂಬಿಯಾದ ಸಾಲದ ಚರಿತ್ರೆ

1953ರ ಫೆಬ್ರುವರಿ 27ರಂದು ಲಂಡನ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಯುದ್ಧದಲ್ಲಿ ಸೋತು ಎರಡಾಗಿ ಸೀಳಿಹೋಗಿದ್ದ ಜರ್ಮನಿಯ ಪಶ್ಚಿಮ ಭಾಗ ಒಂದು ಕಡೆ ಇತ್ತು. ಅದರಿಂದ ಹಣ ಬರಬೇಕಿದ್ದ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೊದಲಾದ ದೇಶಗಳು ಇನ್ನೊಂದು ಕಡೆ. ಅದೇ ಜರ್ಮನಿಯ ದಾಳಿಗೆ ಸಿಕ್ಕಿ ನುಚ್ಚುನೂರಾಗಿದ್ದ ಗ್ರೀಸ್ ಕೂಡ, ಆಗಷ್ಟೇ ಹುಟ್ಟಿದ್ದ ಪಾಕಿಸ್ತಾನ ಕೂಡ, ಸಾಲ ಕೊಟ್ಟವರ ಪಟ್ಟಿಯಲ್ಲಿದ್ದವು. ಎರಡು ಮಹಾಯುದ್ಧಗಳ ನಡುವೆ ಜರ್ಮನಿ ಮಾಡಿದ್ದ ಸಾಲ ಮತ್ತು ಯುದ್ಧಾನಂತರ ಪಡೆದ ನೆರವಿನ ಸಾಲ ಸೇರಿ ಸುಮಾರು 3,000 ಕೋಟಿ ಮಾರ್ಕ್ ಆಗಿತ್ತು. ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಅಂದು ಹೊಡೆದುಹಾಕಲಾಯಿತು. ಉಳಿದುದನ್ನು ದಶಕಗಳ ಅವಧಿಗೆ ಹಂಚಲಾಯಿತು. ಒಪ್ಪಂದದ ಜೀವಾಳವಿದ್ದದ್ದು ಇನ್ನೊಂದು ಮಾತಿನಲ್ಲಿ: ಜರ್ಮನಿ ತನ್ನ ರಫ್ತಿನಿಂದ ಗಳಿಸಿದ ಮಿಗುತಾಯದಿಂದ ಸಾಲ ತೀರಿಸಬೇಕೇ ಹೊರತು ಜನರ ಅನ್ನ ಕಿತ್ತು ತೀರಿಸಬೇಕಾಗಿರಲಿಲ್ಲ. ಹಾಗಾಗಿ ಜರ್ಮನಿಯ ಸರಕನ್ನು ಕೊಳ್ಳುವುದು ಸಾಲ ಕೊಟ್ಟವರಿಗೂ ಲಾಭದ ಕೆಲಸವಾಯಿತು. ಕಷ್ಟ ಬಂದರೆ ಮತ್ತೆ ಕೂತು ಮಾತಾಡುವ ಅವಕಾಶವೂ ಇತ್ತು. ದೇಶ ಒಂದಾಗುವವರೆಗೆ ಮುಂದೂಡಿದ್ದ ಬಡ್ಡಿಯ ಕೊನೆಯ ಕಂತನ್ನು ಜರ್ಮನಿ ಕಟ್ಟಿದ್ದು 2010ರ ಅಕ್ಟೋಬರ್ 3ರಂದು.

ಇದನ್ನು ಯಾರೂ ದಾನವೆಂದು ಕರೆಯಲಿಲ್ಲ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್‌ನಲ್ಲಿ ಹೊರಿಸಿದ ಪರಿಹಾರದ ಹೊರೆ ಜರ್ಮನಿಯನ್ನು ಎಲ್ಲಿಗೆ ತಳ್ಳಿತೆಂಬುದನ್ನು ಆ ಮೇಜಿನ ಸುತ್ತ ಕೂತ ಎಲ್ಲರೂ ಕಂಡಿದ್ದರು. ಶೀತಲ ಸಮರ ಶುರುವಾಗಿತ್ತು. ಸೋವಿಯತ್ ಬಣದ ಗಡಿಗೆ ತಾಗಿಕೊಂಡಿದ್ದ ದೇಶವೊಂದು ಬೇಗ ಚೇತರಿಸಿಕೊಳ್ಳುವುದು ಎಲ್ಲರಿಗೂ ಬೇಕಿತ್ತು. ಬಾರದ ಹಣವನ್ನು ಬರುತ್ತದೆಂದು ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಳ್ಳುವುದಕ್ಕಿಂತ, ಹೋದದ್ದು ಹೋಯಿತೆಂದು ಒಪ್ಪಿ ಉಳಿದುದನ್ನು ಉಳಿಸಿಕೊಳ್ಳುವುದೇ ಜಾಣತನ ಎಂಬುದು ಅಂದಿನ ವಿವೇಕ. ಜರ್ಮನಿಯ ಪರವಾಗಿ ಮಾತುಕತೆ ನಡೆಸಿದ್ದ ಬ್ಯಾಂಕರ್ ಹರ್ಮನ್ ಯೋಸೆಫ್ ಆಬ್ಸ್ ಅವರನ್ನೇ ಮುಂದೆ ಇಂಡೊನೇಷ್ಯಾದ ಸಾಲದ ಸಿಕ್ಕು ಬಿಡಿಸಲು ಕರೆಯಲಾಯಿತು. 1970ರಲ್ಲಿ ಆ ದೇಶದ ಹಳೆಯ ಸಾಲವನ್ನು 30 ವರ್ಷಗಳಿಗೆ ಹರಡಲಾಯಿತು. ಎಂದರೆ, ಮುಳುಗುತ್ತಿರುವ ದೇಶವೊಂದರ ಸಾಲವನ್ನು ಹೇಗೆ ಇಳಿಸಬೇಕೆಂಬ ತಿಳಿವಳಿಕೆ ಜಗತ್ತಿಗೆ 1953ರಲ್ಲೇ ಇತ್ತು, 1970ರಲ್ಲೂ ಇತ್ತು. ಆ ತಿಳಿವಳಿಕೆ ಆಫ್ರಿಕದ ಬಡ ದೇಶಗಳ ಬಾಗಿಲಿಗೆ ಬರಲು ಮತ್ತೆ ಮೂರು ದಶಕ ಹಿಡಿಯಿತು. ಈ ತಡದ ಬೆಲೆಯನ್ನು ತೆತ್ತವರು ಸಾಲ ಕೊಟ್ಟವರೂ ಅಲ್ಲ, ಸಾಲದ ಪತ್ರಕ್ಕೆ ಸಹಿ ಹಾಕಿದವರೂ ಅಲ್ಲ. ಸಾಲಮನ್ನಾ ಎಷ್ಟು ಕೊಟ್ಟರು ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು ಯಾವಾಗ ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬ ಪ್ರಶ್ನೆ. ಜಾಂಬಿಯಾದ ಚರಿತ್ರೆ ಇದಕ್ಕೆ ಕೊಡುವಷ್ಟು ಸ್ಪಷ್ಟ ಸಾಕ್ಷ್ಯವನ್ನು ಬೇರೆ ದೇಶದ ಚರಿತ್ರೆ ಕೊಡುವುದು ಕಡಿಮೆ.

ಉತ್ತರ ರೊಡೀಷಿಯಾ ಎಂಬ ಬ್ರಿಟಿಷ್ ವಸಾಹತು 1964ರ ಅಕ್ಟೋಬರ್ 24ರಂದು ಜಾಂಬಿಯಾ ಆಯಿತು; ಕೆನೆತ್ ಕೌಂಡಾ ಮೊದಲ ಅಧ್ಯಕ್ಷರಾದರು. ನೆಲದಡಿಯಲ್ಲಿ ತಾಮ್ರ ತುಂಬಿತ್ತು. ಕಾಪರ್‌ಬೆಲ್ಟ್ ಎಂದೇ ಹೆಸರಾದ ಉತ್ತರದ ಗಣಿ ಪ್ರದೇಶದಲ್ಲಿ ಕಿಟ್ವೆ, ಎನ್‌ಡೋಲಾ, ಮುಫುಲಿರಾದಂಥ ಪಟ್ಟಣಗಳು ಬೆಳೆದು ನಿಂತಿದ್ದವು. ಆದರೆ ದಶಕಗಳ ಕಾಲ ಆ ತಾಮ್ರದ ರಾಜಧನ ಹೋದದ್ದು ಸೆಸಿಲ್ ರೋಡ್ಸ್ ಸ್ಥಾಪಿಸಿದ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿಯ ತಿಜೋರಿಗೆ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಪದವಿ ಪಡೆದಿದ್ದ ಆಫ್ರಿಕನ್ನರ ಸಂಖ್ಯೆ ನೂರರ ಆಸುಪಾಸಿನಲ್ಲಿತ್ತು. ರಫ್ತಿನ ಆದಾಯದಲ್ಲಿ ಹತ್ತಕ್ಕೆ ಒಂಬತ್ತು ಪಾಲು ತಾಮ್ರದ್ದೇ ಆಗಿತ್ತು. ಸಮುದ್ರವಿಲ್ಲದ ನಾಡು, ತಾಮ್ರ ಬಂದರು ಮುಟ್ಟಬೇಕಾದರೆ ನೆರೆಯವರ ರೈಲುಮಾರ್ಗವೇ ಗತಿ. ಹೊಸ ಸರ್ಕಾರ ತಾಮ್ರದ ಹಣದಲ್ಲಿ ಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯ ಕಟ್ಟಿತು. 1969ರಲ್ಲಿ ಗಣಿಗಳ ಶೇ 51ರಷ್ಟು ಒಡೆತನವನ್ನು ತನ್ನದಾಗಿಸಿಕೊಳ್ಳುವ ನಿರ್ಧಾರ ಪ್ರಕಟಿಸಿತು. ಒಂದೇ ಲೋಹದ ಬೆಲೆಯ ಮೇಲೆ ಒಂದು ದೇಶದ ಬದುಕೆಲ್ಲ ನಿಂತಿದ್ದ ಈ ರಚನೆ ವಸಾಹತು ಕಾಲದ ಬಳುವಳಿ. ಮುಂದಿನ ಸಾಲದ ಚರಿತ್ರೆಯೆಲ್ಲ ಇದರಿಂದಲೇ ಹೊರಟಿತು.

1965ರಲ್ಲಿ ದಕ್ಷಿಣದ ನೆರೆಯ ರೊಡೀಷಿಯಾದಲ್ಲಿ ಇಯಾನ್ ಸ್ಮಿತ್‌ನ ಬಿಳಿಯರ ಸರ್ಕಾರ ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿಕೊಂಡಿತು. ದಕ್ಷಿಣ ಆಫ್ರಿಕದ ಬಿಡುಗಡೆ ಚಳವಳಿಗಳಿಗೆ ಆಶ್ರಯ ಕೊಟ್ಟಿದ್ದ ಜಾಂಬಿಯಾ ಆ ದಾರಿಯ ವ್ಯಾಪಾರವನ್ನು ಕಡಿದುಕೊಳ್ಳುತ್ತ ಬಂತು. ಅಂಗೋಲಾದ ಅಂತರ್ಯುದ್ಧದಿಂದ 1975ರಲ್ಲಿ ಪಶ್ಚಿಮದ ಬೆಂಗೇಲಾ ರೈಲುಮಾರ್ಗವೂ ಮುಚ್ಚಿತು. ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟು ದಾರ್ ಎಸ್ ಸಲಾಮ್‌ನಿಂದ ಕಪಿರಿ ಎಂಪೋಶಿಯವರೆಗೆ 1,860 ಕಿಲೋಮೀಟರ್ ಉದ್ದದ ತಜಾರಾ ರೈಲುಮಾರ್ಗವನ್ನು ಕಟ್ಟಿಕೊಟ್ಟಿದ್ದು ಈ ಇಕ್ಕಟ್ಟಿನ ಕಾಲದಲ್ಲೇ. ಅಷ್ಟರಲ್ಲಿ 1973ರಲ್ಲಿ ಕಚ್ಚಾ ತೈಲದ ಬೆಲೆ ಏರತೊಡಗಿ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಮರುವರ್ಷ ತಾಮ್ರದ ಬೆಲೆ ಕುಸಿಯತೊಡಗಿತು. ಗಣಿಗಳಿಂದ ಖಜಾನೆಗೆ ಹರಿಯುತ್ತಿದ್ದ ಹಣ ಕೆಲವೇ ವರ್ಷಗಳಲ್ಲಿ ಬತ್ತಿತು. ಬೆಲೆ ಮತ್ತೆ ಏರುತ್ತದೆ, ಅಲ್ಲಿಯವರೆಗೆ ಸಾಲ ಮಾಡಿ ದಾಟಿದರಾಯಿತು ಎಂದು ರಾಜಧಾನಿ ಲುಸಾಕಾ ನಂಬಿತು. ಅರಬ್ ದೇಶಗಳ ತೈಲದ ಹಣ ತುಂಬಿಕೊಂಡಿದ್ದ ಬ್ಯಾಂಕುಗಳು, ತಮ್ಮ ಕಾರ್ಖಾನೆಯ ಸರಕು ಮಾರಬೇಕಿದ್ದ ಸರ್ಕಾರಗಳು, ವಾಷಿಂಗ್ಟನ್ನಿನ ವಿಶ್ವಬ್ಯಾಂಕ್ ಮತ್ತು ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಎಲ್ಲವೂ ಕೇಳಿದಾಗ ಸಾಲ ಕೊಟ್ಟವು. ಬೆಲೆ ಏರಲಿಲ್ಲ. 1979ರ ನಂತರ ಅಮೆರಿಕ ತನ್ನ ಹಣದುಬ್ಬರವನ್ನು ಹತ್ತಿಕ್ಕಲು ಬಡ್ಡಿದರವನ್ನು ಶೇ 20ರ ಹತ್ತಿರಕ್ಕೆ ಒಯ್ದಾಗ, ಲುಸಾಕಾದಲ್ಲಿ ಯಾರೂ ತೆಗೆದುಕೊಳ್ಳದ ತೀರ್ಮಾನವೊಂದರಿಂದ ಜಾಂಬಿಯಾದ ಹೊರೆ ಇನ್ನಷ್ಟು ಭಾರವಾಯಿತು.

ತಪ್ಪು ಕೌಂಡಾ ಸರ್ಕಾರದ್ದೇ ಅಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅದರಲ್ಲಿ ಹುರುಳಿದೆ. 1970ರ ದಶಕದ ಆರಂಭದಲ್ಲೇ ಕೌಂಡಾ ಬೇರೆಲ್ಲ ಪಕ್ಷಗಳನ್ನು ನಿಷೇಧಿಸಿ ಏಕಪಕ್ಷದ ಆಡಳಿತ ತಂದರು. ಸರ್ಕಾರಿ ಉದ್ಯಮಗಳು ಪಕ್ಷದವರಿಗೆ ಕೆಲಸ ಕೊಡುವ ತಾಣಗಳಾದವು. ಪಟ್ಟಣಿಗರಿಗೆ ಅಗ್ಗದ ಊಟ ಕೊಡಲು ಹಳ್ಳಿಯ ರೈತರ ಮೆಕ್ಕೆಜೋಳಕ್ಕೆ ಕಡಿಮೆ ಬೆಲೆ ಕಟ್ಟಲಾಯಿತು, ಬೇಸಾಯ ಸೊರಗಿತು. ಇದಾವುದನ್ನೂ ಮುಚ್ಚಿಡಬೇಕಿಲ್ಲ. ಆದರೆ ಇದೆಲ್ಲ ಸಾಲ ಕೊಡುವವರ ಕಣ್ಣೆದುರೇ ನಡೆದಿತ್ತು. ಒಂದೇ ಸರಕನ್ನು ನೆಚ್ಚಿದ, ವಿರೋಧ ಪಕ್ಷವಿಲ್ಲದ, ಲೆಕ್ಕ ಕೇಳುವವರಿಲ್ಲದ ಸರ್ಕಾರಕ್ಕೆ ತಿಳಿದೂ ತಿಳಿದೂ ಹಣ ಕೊಟ್ಟವರಿಗೆ ಆ ಅಪಾಯದಲ್ಲಿ ಪಾಲಿಲ್ಲವೇ? ಊರಿನ ವ್ಯಾಪಾರದಲ್ಲಿ ಸಾಲ ಮುಳುಗಿದರೆ ನಷ್ಟವನ್ನು ಇಬ್ಬರೂ ಹಂಚಿಕೊಳ್ಳಲೆಂದೇ ದಿವಾಳಿ ಕಾನೂನು ಇದೆ. ದಿವಾಳಿಯಾದವನ ಮಕ್ಕಳನ್ನು ಜೀತಕ್ಕೆ ಇಡುವ ಕಾಲ ಹೋಗಿದೆ. ದೇಶಗಳ ನಡುವೆ ಅಂಥ ಕಾನೂನಿಲ್ಲ. ಹಾಗಾಗಿ ಕೌಂಡಾ ಸರ್ಕಾರದ ತಪ್ಪಿಗೂ, ತಾಮ್ರದ ಮಾರುಕಟ್ಟೆಯ ಆಟಕ್ಕೂ, ಸಾಲ ಕೊಟ್ಟವರ ದುಡುಕಿಗೂ ದಂಡ ಬಿದ್ದದ್ದು ಒಬ್ಬರಿಗೇ: ಮತ ಹಾಕಿ ಸರ್ಕಾರ ಬದಲಿಸುವ ದಾರಿಯೂ ಇಲ್ಲದಿದ್ದ ಜಾಂಬಿಯಾದ ಜನಕ್ಕೆ. ನಾಜಿ ಆಳ್ವಿಕೆಯ ದೋಷ ಕೌಂಡಾ ಆಡಳಿತದ ದೋಷಕ್ಕಿಂತ ಎಷ್ಟೋ ಪಟ್ಟು ಘೋರವಾಗಿತ್ತು. ಆದರೂ ಅದರ ಕಾರಣಕ್ಕೆ 1953ರಲ್ಲಿ ಜರ್ಮನ್ ಜನರಿಗೆ ರಿಯಾಯಿತಿ ನಿರಾಕರಿಸಲಿಲ್ಲ.

ಸಾಲದ ಕಂತು ಕಟ್ಟಲಾಗದೆ ಜಾಂಬಿಯಾ 1983ರಲ್ಲಿ ಪ್ಯಾರಿಸ್ ಕ್ಲಬ್ಬಿನ ಮುಂದೆ ನಿಂತಿತು. ಸಾಲ ಕೊಟ್ಟ ಸರ್ಕಾರಗಳು ಸೇರಿ ಮಾತಾಡುವ ಈ ಕೂಟ ಸಾಲವನ್ನು ಕಡಿಮೆ ಮಾಡಲಿಲ್ಲ, ಮುಂದಕ್ಕೆ ಹಾಕಿತು. ಬಾಕಿಯ ಮೇಲೆ ಬಡ್ಡಿ ಏರುತ್ತಲೇ ಹೋಯಿತು. ಹೊಸ ನೆರವು ಬೇಕಿದ್ದರೆ ಐಎಂಎಫ್ ಹೇಳಿದ ಕ್ರಮಗಳನ್ನು ಜಾರಿಗೆ ತರಬೇಕಿತ್ತು. ಜಾಂಬಿಯಾದವರ ದಿನನಿತ್ಯದ ಊಟ ನ್ಶಿಮಾ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ, ನಮ್ಮ ರಾಗಿಮುದ್ದೆಯ ಹಾಗೆ ಗಟ್ಟಿಯಾಗಿ ಮಾಡುವ ಅಡುಗೆ. 1986ರ ಡಿಸೆಂಬರಿನಲ್ಲಿ ಸರ್ಕಾರ ನುಣ್ಣನೆಯ ಹಿಟ್ಟಿನ ಮೇಲಿನ ಸಬ್ಸಿಡಿ ತೆಗೆದಾಗ ಅದರ ಬೆಲೆ ಒಮ್ಮೆಲೇ ಇಮ್ಮಡಿಯಾಯಿತು. ಸಬ್ಸಿಡಿ ಉಳಿದಿದ್ದ ತರಿಹಿಟ್ಟು ಅಂಗಡಿಗಳಿಂದ ಮಾಯವಾಯಿತು. ಕಾಪರ್‌ಬೆಲ್ಟಿನ ಪಟ್ಟಣಗಳಲ್ಲಿ ಜನ ದಂಗೆಯೆದ್ದರು. 15 ಮಂದಿ ಸತ್ತರು. ಏರಿಕೆಯನ್ನು ಹಿಂತೆಗೆದುಕೊಂಡ ಕೌಂಡಾ 1987ರ ಮೇ 1ರಂದು ಐಎಂಎಫ್ ಕಾರ್ಯಕ್ರಮದಿಂದ ಹೊರಬಂದರು. ರಫ್ತಿನ ನಿವ್ವಳ ಗಳಿಕೆಯ ಶೇ 10ಕ್ಕಿಂತ ಹೆಚ್ಚನ್ನು ಸಾಲಕ್ಕೆ ಕೊಡುವುದಿಲ್ಲ, ಉಳಿದುದು ದೇಶದ ಬದುಕಿಗೆ ಎಂದು ಘೋಷಿಸಿದರು.

ಈ ಶೇ 10ರ ಮಿತಿಯನ್ನು ಲಂಡನ್ ಒಪ್ಪಂದದ ಪಕ್ಕದಲ್ಲಿಟ್ಟು ನೋಡಬೇಕು. ಗಳಿಕೆಗೆ ತಕ್ಕಂತೆ ಕಂತು ಎಂಬ ತತ್ತ್ವವನ್ನು 1953ರಲ್ಲಿ ಸಾಲ ಕೊಟ್ಟವರೇ ಒಪ್ಪಿ ಬರೆದುಕೊಟ್ಟಿದ್ದರು. ಅದರಿಂದ ಜರ್ಮನಿ ಆರಂಭದ ವರ್ಷಗಳಲ್ಲಿ ಕಟ್ಟಿದ್ದು ರಫ್ತಿನ ಆದಾಯದ ಸಣ್ಣ ಪಾಲು ಮಾತ್ರ. ಅದೇ ತತ್ತ್ವವನ್ನು 1987ರಲ್ಲಿ ಜಾಂಬಿಯಾ ತಾನೇ ಆಡಿ ತೋರಿಸಿದಾಗ ಅದು ಶಿಸ್ತಿನ ಉಲ್ಲಂಘನೆಯಾಯಿತು. ನೆರವು ಬತ್ತಿತು, ಹೊಸ ಸಾಲ ನಿಂತಿತು, ಬಿಡಿಭಾಗಗಳಿಲ್ಲದೆ ಗಣಿಗಳು ನಲುಗಿದವು. ಎರಡು ವರ್ಷ ತಡೆದುಕೊಂಡು ಜಾಂಬಿಯಾ 1989ರಲ್ಲಿ ವಾಷಿಂಗ್ಟನ್ನಿನ ದಾರಿಗೆ ಮರಳಿತು. 1990ರ ಜೂನಿನಲ್ಲಿ ಹಿಟ್ಟಿನ ಬೆಲೆ ಮತ್ತೆ ಏರಿತು, ಮತ್ತೆ ದಂಗೆ, ಮತ್ತೆ ಸಾವು. ಆ ಅಲೆಯಲ್ಲೇ ಬಹುಪಕ್ಷ ಪದ್ಧತಿ ಮರಳಿತು. 1991ರ ಚುನಾವಣೆಯಲ್ಲಿ ಕಾರ್ಮಿಕ ನಾಯಕ ಫ್ರೆಡರಿಕ್ ಚಿಲುಬಾ ಗೆದ್ದು ಅಧ್ಯಕ್ಷರಾದರು. ಜನ ಸರ್ಕಾರವನ್ನು ಬದಲಿಸಿದರು. ಸಾಲ ಬದಲಾಗಲಿಲ್ಲ, ಅದು ಆಗ ಸುಮಾರು 700 ಕೋಟಿ ಡಾಲರ್ ಮುಟ್ಟಿತ್ತು.

ಹಾಗಿದ್ದರೆ ಇಷ್ಟು ದೀರ್ಘಕಾಲ ಯಾರೂ ಈ ಸಾಲವನ್ನು ಇಳಿಸಲಿಲ್ಲವೇಕೆ? ಉತ್ತರ ಲ್ಯಾಟಿನ್ ಅಮೆರಿಕದ ಕಡೆ ನೋಡಿದರೆ ಸಿಗುತ್ತದೆ. 1982ರ ಆಗಸ್ಟಿನಲ್ಲಿ ಮೆಕ್ಸಿಕೊ ಕೈಚೆಲ್ಲಿದಾಗ ಅಮೆರಿಕದ ದೊಡ್ಡ ಬ್ಯಾಂಕುಗಳೇ ಅಲುಗಾಡಿದವು. ಆ ಬ್ಯಾಂಕುಗಳು ಸುಧಾರಿಸಿಕೊಂಡ ಮೇಲೆ, 1989ರಲ್ಲಿ, ಅಮೆರಿಕದ ಖಜಾನೆ ಕಾರ್ಯದರ್ಶಿ ನಿಕೋಲಸ್ ಬ್ರೇಡಿ ಹೆಸರಿನ ಯೋಜನೆಯಲ್ಲಿ ಅಸಲನ್ನೇ ಕಡಿತ ಮಾಡುವ ಕೆಲಸ ಶುರುವಾಯಿತು. ಆಫ್ರಿಕದ ಬಡ ದೇಶಗಳ ಸಾಲದಲ್ಲಿ ಹೆಚ್ಚಿನದು ಸರ್ಕಾರಗಳಿಗೆ ಮತ್ತು ವಿಶ್ವಬ್ಯಾಂಕ್, ಐಎಂಎಫ್‌ನಂಥ ಸಂಸ್ಥೆಗಳಿಗೆ ಸಲ್ಲಬೇಕಾದದ್ದು. ಜಾಂಬಿಯಾ ಮುಳುಗಿದರೆ ನ್ಯೂಯಾರ್ಕಿನಲ್ಲಿ ಯಾವ ಬ್ಯಾಂಕೂ ಬಾಗಿಲು ಹಾಕುತ್ತಿರಲಿಲ್ಲ. ಹಾಗಾಗಿ ಅವಸರವಿರಲಿಲ್ಲ. ಪ್ಯಾರಿಸ್ ಕ್ಲಬ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು: 1988ರಲ್ಲಿ ಟೊರಾಂಟೊ ಷರತ್ತಿನಂತೆ ಅರ್ಹ ಸಾಲದ ಮೂರನೇ ಒಂದು ಭಾಗ, 1991ರಲ್ಲಿ ಅರ್ಧ, 1994ರಲ್ಲಿ ನೇಪಲ್ಸ್ ಷರತ್ತಿನಂತೆ ಮೂರನೇ ಎರಡು ಭಾಗ, 1996ರಲ್ಲಿ ಶೇ 80, 1999ರಲ್ಲಿ ಕಲೋನ್ ಷರತ್ತಿನಂತೆ ಶೇ 90. ಒಂದೊಂದು ಮೆಟ್ಟಿಲೂ ಹಿಂದಿನದು ಸಾಲದೆಂಬುದರ ತಪ್ಪೊಪ್ಪಿಗೆ. ಕೊನೆಗೆ ಶೇ 90 ಬಿಡಬೇಕಾಗುತ್ತದೆಂದರೆ ಮೊದಲಿನಿಂದಲೂ ಆ ಹಣ ಬರುವಂತಿರಲಿಲ್ಲ ಎಂದೇ ಅರ್ಥ. ಅದನ್ನು ಒಪ್ಪಿಕೊಳ್ಳಲು ಹಿಡಿದ 11 ವರ್ಷಗಳಲ್ಲಿ ಜಾಂಬಿಯಾದ ಒಂದು ಪೀಳಿಗೆಯ ಮಕ್ಕಳು ಶಾಲೆಯ ವಯಸ್ಸು ದಾಟಿದ್ದರು.

ಆ ವರ್ಷಗಳು ಹೇಗಿದ್ದವೆಂದರೆ, ಚಿಲುಬಾ ಸರ್ಕಾರ ಸಾಲ ಕೊಟ್ಟವರು ಕೇಳಿದ ಬಹುತೇಕ ಎಲ್ಲವನ್ನೂ ಮಾಡಿತು. ಸಬ್ಸಿಡಿ ತೆಗೆಯಿತು, ಆಮದು ಸುಂಕ ಇಳಿಸಿತು, ನೂರಾರು ಸರ್ಕಾರಿ ಉದ್ಯಮಗಳನ್ನು ಮಾರಿತು, ಆಸ್ಪತ್ರೆಗೂ ಶಾಲೆಗೂ ಶುಲ್ಕ ವಿಧಿಸಿತು. ಅದೇ ಹೊತ್ತಿಗೆ ಏಡ್ಸ್ ದೇಶವನ್ನು ಮುತ್ತಿತ್ತು. ಶತಮಾನದ ತಿರುವಿನಲ್ಲಿ ವಯಸ್ಕರಲ್ಲಿ ಸುಮಾರು ಆರಕ್ಕೊಬ್ಬರಿಗೆ ಎಚ್‌ಐವಿ ಸೋಂಕಿತ್ತು. ಆಸ್ಪತ್ರೆ ತೀರಾ ಬೇಕಾದ ಕಾಲದಲ್ಲೇ ಅದರ ಬಾಗಿಲಲ್ಲಿ ಶುಲ್ಕ ಕೇಳುವಂತಾಯಿತು. 1995ರ ಕೊನೆಗೆ ಐಎಂಎಫ್‌ಗೆ ಕಟ್ಟದೆ ಉಳಿದಿದ್ದ ಹಳೆಯ ಬಾಕಿಯನ್ನು ತೀರಿಸಲಾಯಿತು. ತೀರಿಸಿದ್ದು ಅದೇ ಐಎಂಎಫ್ ಕೊಟ್ಟ ಹೊಸ ಸಾಲದಿಂದ. ಲೆಕ್ಕದಲ್ಲಿ ಬಾಕಿ ಅಳಿಯಿತು, ಹೊರೆ ಉಳಿಯಿತು. ಸಾಲ ಕಟ್ಟಲು ಮಕ್ಕಳನ್ನು ಉಪವಾಸ ಕೆಡವಬೇಕೇ ಎಂದು ನೆರೆಯ ತಾಂಜಾನಿಯಾದ ಜೂಲಿಯಸ್ ನೈರೆರೆ ಎಂಬತ್ತರ ದಶಕದಲ್ಲೇ ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಹತ್ತು ವರ್ಷ ಬೇರೆ ಲೆಕ್ಕಗಳಲ್ಲಿ ಮುಳುಗಿದ್ದರು.

ಮೌನ ಮುರಿದದ್ದು ಜನರ ಚಳವಳಿ. ಐವತ್ತು ವರ್ಷಕ್ಕೊಮ್ಮೆ ಸಾಲ ಬಿಟ್ಟು ಜೀತದವರನ್ನು ಬಿಡುಗಡೆ ಮಾಡಬೇಕೆಂಬ ಬೈಬಲ್ಲಿನ ಜೂಬಿಲಿ ಕಲ್ಪನೆಯನ್ನು ಹಿಡಿದು ಕೀಲ್ ವಿಶ್ವವಿದ್ಯಾಲಯದ ಅಧ್ಯಾಪಕ ಮಾರ್ಟಿನ್ ಡೆಂಟ್ ಮತ್ತು ನಿವೃತ್ತ ರಾಯಭಾರಿ ಬಿಲ್ ಪೀಟರ್ಸ್ ಬ್ರಿಟನ್ನಿನಲ್ಲಿ ಮಾತು ಶುರುಮಾಡಿದರು. ಅದು ಜೂಬಿಲಿ 2000 ಎಂಬ ಆಂದೋಲನವಾಗಿ ಬೆಳೆಯಿತು. 1998ರ ಮೇ 16ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಸಿರಿವಂತ ದೇಶಗಳ ನಾಯಕರು ಸೇರಿದಾಗ ಸುಮಾರು 70,000 ಜನ ನಗರದ ಸುತ್ತ ಕೈಕೈ ಹಿಡಿದು ನಿಂತರು. ಜಗತ್ತಿನಾದ್ಯಂತ ಎರಡು ಕೋಟಿಗೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ವಿಶ್ವಬ್ಯಾಂಕ್ ಮತ್ತು ಐಎಂಎಫ್ 1996ರಲ್ಲಿ ಶುರುಮಾಡಿದ್ದ ‘ಹಿಪಿಕ್’ ಯೋಜನೆ, ಅಂದರೆ ಅತಿಯಾಗಿ ಸಾಲದಲ್ಲಿ ಸಿಲುಕಿದ ಬಡ ದೇಶಗಳ ಯೋಜನೆ, 1999ರಲ್ಲಿ ಹಿಗ್ಗಿದ್ದು ಈ ಒತ್ತಡದಿಂದ. ಸರ್ಕಾರಗಳ ಜೊತೆಗೆ ಈ ಎರಡು ಸಂಸ್ಥೆಗಳೂ ತಮ್ಮ ಪಾಲಿನ ಸಾಲವನ್ನು ಇಳಿಸಬೇಕೆಂಬುದು ಇದರಲ್ಲಿದ್ದ ಹೊಸತು. ಅದುವರೆಗೆ ಆ ಸಾಲವನ್ನು ಮುಟ್ಟುವಂತೆಯೇ ಇರಲಿಲ್ಲ.

ಆದರೂ ಮನ್ನಾ ಕೈಗೆ ಬರಲು ಎರಡು ಹೊಸ್ತಿಲು ದಾಟಬೇಕಿತ್ತು. ಜಾಂಬಿಯಾ ಮೊದಲನೆಯದನ್ನು 2000ದ ಡಿಸೆಂಬರಿನಲ್ಲಿ ದಾಟಿತು. ಎರಡನೆಯದನ್ನು ದಾಟಿದ್ದು 2005ರ ಏಪ್ರಿಲ್‌ನಲ್ಲಿ. ನಡುವಿನ ನಾಲ್ಕು ವರ್ಷಕ್ಕೂ ಮಿಕ್ಕ ಕಾಲ ಷರತ್ತುಗಳ ಕಾಲ. ಸರ್ಕಾರಿ ಒಡೆತನದ ದೊಡ್ಡ ವಾಣಿಜ್ಯ ಬ್ಯಾಂಕನ್ನು ಖಾಸಗಿಯವರಿಗೆ ಮಾರುವ ಷರತ್ತನ್ನು ದೇಶದ ಸಂಸತ್ತು ಒಪ್ಪಲಿಲ್ಲ. ಮಾರದಿದ್ದರೆ ಮನ್ನಾ ಕೈತಪ್ಪುತ್ತದೆಂಬ ಎಚ್ಚರಿಕೆ ಬಂತು. ಸರ್ಕಾರಿ ಸಂಬಳದ ಮೊತ್ತ ರಾಷ್ಟ್ರೀಯ ಉತ್ಪನ್ನದ ಶೇ 8 ಮೀರಬಾರದೆಂಬ ಮಿತಿಯಿಂದಾಗಿ, ತರಬೇತಿ ಮುಗಿಸಿದ ಸಾವಿರಾರು ಶಿಕ್ಷಕರು ಕೆಲಸವಿಲ್ಲದೆ ಕೂತರು. ಅತ್ತ ಶಾಲೆಗಳಲ್ಲಿ ಪಾಠ ಮಾಡುವವರಿರಲಿಲ್ಲ. ಶಿಕ್ಷಣಕ್ಕೆ ಹಣ ಉಳಿಸುವುದೇ ಮನ್ನಾದ ಉದ್ದೇಶವಾಗಿದ್ದಾಗ ಮನ್ನಾದ ಷರತ್ತೇ ಶಿಕ್ಷಕರ ನೇಮಕವನ್ನು ತಡೆಯಿತು. ಷರತ್ತುಗಳೇ ಬೇಡವೆಂದು ಇದರರ್ಥವಲ್ಲ. ಉಳಿದ ಹಣ ಎಲ್ಲಿ ಖರ್ಚಾಯಿತೆಂದು ತನ್ನ ಜನರಿಗೆ ಲೆಕ್ಕ ಒಪ್ಪಿಸಬೇಕಾದದ್ದು ಯಾವುದೇ ಸರ್ಕಾರದ ಕರ್ತವ್ಯ. ಆದರೆ ಇಲ್ಲಿ ಷರತ್ತು ಹಾಕಿದವರೂ, ಅದು ಪಾಲನೆಯಾಯಿತೇ ಎಂದು ತೀರ್ಪು ಕೊಟ್ಟವರೂ, ತಮ್ಮ ಹಣಕ್ಕಾಗಿ ಕಾದಿದ್ದವರೂ ಒಬ್ಬರೇ. ವಾದಿಯೇ ನ್ಯಾಯಾಧೀಶನೂ ಆದ ಕಟ್ಟೆಯಲ್ಲಿ ಪ್ರತಿವಾದಿಗೆ ಯಾವ ನ್ಯಾಯ ಸಿಕ್ಕೀತು?

ತಡದಿಂದ ಇನ್ನೊಂದು ಬಗೆಯ ಪೆಟ್ಟೂ ಬಿತ್ತು. ರುಮೇನಿಯಾ 1979ರಲ್ಲಿ ಕೃಷಿ ಯಂತ್ರಗಳಿಗೆಂದು ಜಾಂಬಿಯಾಕ್ಕೆ ಸುಮಾರು 1.5 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಬಡ್ಡಿ ಬೆಳೆದು ದುಪ್ಪಟ್ಟಾಗಿದ್ದ ಆ ಹಕ್ಕನ್ನು 1999ರಲ್ಲಿ ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಖಾಸಗಿ ಕಂಪನಿ ಸುಮಾರು 33 ಲಕ್ಷ ಡಾಲರಿಗೆ ಕೊಂಡಿತು. ಬೇರೆಯವರೆಲ್ಲ ಸಾಲ ಬಿಡುತ್ತಿದ್ದಾಗ ಅದು ಜಾಂಬಿಯಾದ ಮೇಲೆ ಲಂಡನ್ನಿನ ಹೈಕೋರ್ಟಿನಲ್ಲಿ 5.5 ಕೋಟಿ ಡಾಲರಿನ ದಾವೆ ಹೂಡಿತು. 2007ರಲ್ಲಿ ನ್ಯಾಯಾಲಯ ಸುಮಾರು 1.5 ಕೋಟಿ ಡಾಲರ್ ಕೊಡಿಸಿತು. ಇಂಥ ಕಂಪನಿಗಳನ್ನು ಜಗತ್ತು ‘ರಣಹದ್ದು ನಿಧಿ’ ಎಂದು ಕರೆಯುತ್ತದೆ. ಹತ್ತು ಜನ ಬಿಟ್ಟ ಹಣ ಹನ್ನೊಂದನೆಯವನ ಜೇಬಿಗೆ ಹೋಗುವುದನ್ನು ತಡೆಯುವ ಕಾನೂನನ್ನು ಬ್ರಿಟನ್ 2010ರಲ್ಲಿ ತಂದಿತು. ಜಾಂಬಿಯಾದ ಹಣ ಅಷ್ಟರಲ್ಲಿ ಹೋಗಿಯಾಗಿತ್ತು.

ಕೊನೆಗೂ ಮನ್ನಾ ಬಂದಾಗ ಏನಾಯಿತು? 2005ರಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಸೇರಿದ್ದ ಜಿ8 ನಾಯಕರು ವಿಶ್ವಬ್ಯಾಂಕ್, ಐಎಂಎಫ್ ಮತ್ತು ಆಫ್ರಿಕಾ ಅಭಿವೃದ್ಧಿ ಬ್ಯಾಂಕಿನ ಸಾಲವನ್ನೂ ಅಳಿಸಲು ಒಪ್ಪಿದರು. 700 ಕೋಟಿ ಡಾಲರ್ ದಾಟಿದ್ದ ಜಾಂಬಿಯಾದ ವಿದೇಶಿ ಸಾಲ 2006ರ ವೇಳೆಗೆ ಸುಮಾರು 50 ಕೋಟಿ ಡಾಲರಿಗೆ ಇಳಿಯಿತು. 2006ರ ಏಪ್ರಿಲ್ 1ರಿಂದ ಗ್ರಾಮೀಣ ಪ್ರದೇಶಗಳಲ್ಲಿ ಪ್ರಾಥಮಿಕ ಆರೋಗ್ಯ ಸೇವೆಯ ಶುಲ್ಕ ರದ್ದಾಯಿತು. ಶಿಕ್ಷಕರ ನೇಮಕ ಮತ್ತೆ ಶುರುವಾಯಿತು. ಆ ವರ್ಷಗಳ ಏಳಿಗೆಗೆ ತಾಮ್ರದ ಬೆಲೆ ಏರಿದ್ದೇ ಕಾರಣ, ಮನ್ನಾ ಅಲ್ಲ ಎನ್ನುವವರಿದ್ದಾರೆ. ಬೆಲೆ ಏರಿದ್ದು ನಿಜ. ಚೀನಾದ ಬೇಡಿಕೆ ಅದನ್ನು ಎತ್ತಿತ್ತು. ಆದರೆ ಹಳೆಯ ಸಾಲ ಹಾಗೇ ಉಳಿದಿದ್ದರೆ ಏರಿದ ಬೆಲೆಯ ಮೊದಲ ತುತ್ತು ಹೋಗುತ್ತಿದ್ದದ್ದು ಬಾಕಿಗೆ. ಬೆಲೆ ಗಳಿಕೆ ತಂದಿತು, ಮನ್ನಾ ಆ ಗಳಿಕೆಯನ್ನು ದೇಶದೊಳಗೆ ಉಳಿಸಿತು. ಹಳ್ಳಿಯ ಆಸ್ಪತ್ರೆಯ ಶುಲ್ಕ ರದ್ದಾದದ್ದು ಮನ್ನಾದ ಮರುವರ್ಷವೇ ಎಂಬುದು ಕಾಕತಾಳೀಯವಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದರ ಮುಂದಿನದು. ಒಮ್ಮೆ ಬಿಟ್ಟರೆ ಮತ್ತೆ ಸಾಲ ಮಾಡುತ್ತಾರೆ, ಜಾಂಬಿಯಾ ಹಾಗೆಯೇ ಮಾಡಿತಲ್ಲ ಎಂಬುದು. ಮಾಡಿತು. 2012ರಲ್ಲಿ 75 ಕೋಟಿ, 2014ರಲ್ಲಿ 100 ಕೋಟಿ, 2015ರಲ್ಲಿ 125 ಕೋಟಿ ಡಾಲರ್ ಹೀಗೆ ಮೂರು ಬಾರಿ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಒಟ್ಟು 300 ಕೋಟಿ ಎತ್ತಿತು; ಚೀನಾದ ಬ್ಯಾಂಕುಗಳಿಂದ ರಸ್ತೆ, ವಿಮಾನ ನಿಲ್ದಾಣ, ವಿದ್ಯುತ್ ಯೋಜನೆಗಳಿಗೆ ಬೇರೆ ಸಾಲ ಮಾಡಿತು. ಆ ಹಣದಲ್ಲಿ ಪೋಲಾದದ್ದಿದೆ, ಭ್ರಷ್ಟರ ಪಾಲಾದದ್ದೂ ಇದೆ. 2020ರ ನವೆಂಬರಿನಲ್ಲಿ 4.25 ಕೋಟಿ ಡಾಲರಿನ ಬಡ್ಡಿ ಕಂತು ಕಟ್ಟಲಾಗದೆ, ಕೋವಿಡ್ ಕಾಲದಲ್ಲಿ ಸುಸ್ತಿದಾರನಾದ ಆಫ್ರಿಕದ ಮೊದಲ ದೇಶವಾಯಿತು. ಆದರೆ ಇದು ಮನ್ನಾ ತಪ್ಪೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಮೊದಲ ಬಾಂಡಿಗೆ ಶೇ 5.6ರ ಆಸುಪಾಸಿನಲ್ಲಿದ್ದ ಬಡ್ಡಿ ಮೂರನೆಯದಕ್ಕೆ ಶೇ 9ರ ಹತ್ತಿರ ಹೋಗಿತ್ತು. ಹಣ ಮರಳದಿರಬಹುದೆಂಬ ಭಯಕ್ಕೆ ಹೆಚ್ಚಿನ ಬಡ್ಡಿಯನ್ನು ಮೊದಲೇ ವಸೂಲು ಮಾಡಿದವರು ಆ ಭಯ ನಿಜವಾದಾಗ ನಷ್ಟದಲ್ಲಿ ಪಾಲು ಹೊರಬೇಕಾದದ್ದು ವ್ಯಾಪಾರದ ಸಾಮಾನ್ಯ ಧರ್ಮ. ಇನ್ನೂ ಮುಖ್ಯವಾಗಿ, 2005ರ ಮನ್ನಾ ಸಾಲದ ಅಂಕಿಯನ್ನಷ್ಟೇ ಅಳಿಸಿತು. ತಾಮ್ರವೊಂದನ್ನೇ ನೆಚ್ಚಿದ ಆರ್ಥಿಕತೆ ಹಾಗೇ ಉಳಿಯಿತು; ಬೆಲೆ ಬಿದ್ದಾಗ ಕಂತು ತಾನಾಗಿ ಇಳಿಯುವ ಏರ್ಪಾಡು ಆ ಬಾಂಡುಗಳಲ್ಲಿ ಇರಲಿಲ್ಲ. ಜರ್ಮನಿಗೆ ಸಿಕ್ಕಿದ್ದು ಮೊತ್ತದ ಕಡಿತ ಮಾತ್ರವಲ್ಲ, ಅದರ ಸರಕಿಗೆ ತೆರೆದ ಮಾರುಕಟ್ಟೆ ಮತ್ತು ಕಷ್ಟಕಾಲದ ರಕ್ಷೆ ಕೂಡ. ಜಾಂಬಿಯಾಕ್ಕೆ ಮೊದಲನೆಯದು ತಡವಾಗಿ ಸಿಕ್ಕಿತು, ಉಳಿದೆರಡು ಸಿಗಲೇ ಇಲ್ಲ.

ಎರಡನೆಯ ಸಲವೂ ತಡ ತಪ್ಪಲಿಲ್ಲ. ಜಿ20 ದೇಶಗಳು 2020ರಲ್ಲಿ ‘ಸಾಮಾನ್ಯ ಚೌಕಟ್ಟು’ ಎಂಬ ಹೊಸ ವ್ಯವಸ್ಥೆ ತಂದವು. ಜಾಂಬಿಯಾ ಅದರಡಿ 2021ರ ಆರಂಭದಲ್ಲೇ ಅರ್ಜಿ ಹಾಕಿತು. ಆ ವರ್ಷದ ಆಗಸ್ಟಿನಲ್ಲಿ ಜನ ಸರ್ಕಾರ ಬದಲಿಸಿ ಹಕೈಂಡೆ ಹಿಚಿಲೆಮಾ ಅವರನ್ನು ಆರಿಸಿದರು. ಚೀನಾ ಮತ್ತು ಫ್ರಾನ್ಸ್ ಜಂಟಿಯಾಗಿ ಮುನ್ನಡೆಸಿದ, ಸಾಲ ಕೊಟ್ಟ ದೇಶಗಳ ಸಮಿತಿ 630 ಕೋಟಿ ಡಾಲರ್ ಸಾಲದ ಮರುಹೊಂದಾಣಿಕೆಗೆ ಒಪ್ಪಿದ್ದು 2023ರ ಜೂನಿನಲ್ಲಿ. ಬಾಂಡ್ ಕೊಂಡಿದ್ದವರ ಜೊತೆಗಿನ ಮೊದಲ ಒಪ್ಪಂದ ತಮಗಿಂತ ಅವರಿಗೆ ಹೆಚ್ಚು ಅನುಕೂಲವೆಂದು ಸರ್ಕಾರಗಳು ತಕರಾರು ತೆಗೆದಿದ್ದರಿಂದ ಮುರಿದುಬಿತ್ತು. ಅವರ ಜೊತೆಗಿನ ಇತ್ಯರ್ಥ ಮುಗಿದದ್ದು 2024ರ ಜೂನಿನಲ್ಲಿ. ಅರ್ಜಿಯಿಂದ ಇತ್ಯರ್ಥಕ್ಕೆ ಮೂರು ವರ್ಷ ಮೀರಿತು. ಆ ನಡುವೆ ಮಳೆ ಕೈಕೊಟ್ಟು, ಮೆಕ್ಕೆಜೋಳ ಒಣಗಿ, 2024ರ ಫೆಬ್ರುವರಿಯಲ್ಲಿ ಜಾಂಬಿಯಾ ರಾಷ್ಟ್ರೀಯ ವಿಪತ್ತು ಘೋಷಿಸಬೇಕಾಯಿತು.

ಈ ಚರಿತ್ರೆಯಲ್ಲಿ ನಮಗೂ ಒಂದು ಜಾಗವಿದೆ. ಹಿಪಿಕ್ ಯೋಜನೆಯ ಏಳು ದೇಶಗಳಿಂದ ಬರಬೇಕಿದ್ದ ಸಾಲವನ್ನು ಭಾರತ 2003ರಲ್ಲಿ ಮನ್ನಾ ಮಾಡಿತು. ಆ ಏಳರಲ್ಲಿ ಜಾಂಬಿಯಾವೂ ಒಂದು. ಮೊತ್ತ ದೊಡ್ಡದಲ್ಲ, ಆದರೆ 1991ರಲ್ಲಿ ಚಿನ್ನ ಒತ್ತೆಯಿಟ್ಟು ಸಾಲ ತಂದ ದೇಶ ಹನ್ನೆರಡು ವರ್ಷಗಳಲ್ಲಿ ಸಾಲ ಬಿಡುವ ಕಡೆಗೆ ಬಂದಿತ್ತು. ಶ್ರೀಲಂಕಾ ದಿವಾಳಿಯಾದಾಗ ಸಾಲ ಕೊಟ್ಟ ದೇಶಗಳ ಸಮಿತಿಯ ಅಧ್ಯಕ್ಷತೆಯನ್ನು ಜಪಾನ್, ಫ್ರಾನ್ಸ್ ಜೊತೆ ಭಾರತ ಹಂಚಿಕೊಂಡಿತು. 2023ರ ಫೆಬ್ರುವರಿಯಲ್ಲಿ ಜಿ20 ಹಣಕಾಸು ಸಚಿವರು ಬೆಂಗಳೂರಿನಲ್ಲಿ ಸೇರಿದಾಗ, ಸಾಲ ಕೊಟ್ಟವರು ಮತ್ತು ಪಡೆದವರು ಎದುರುಬದುರು ಕೂರುವ ಜಾಗತಿಕ ದುಂಡುಮೇಜಿನ ಸಭೆಯೂ ಇಲ್ಲೇ ನಡೆಯಿತು. ಅಲ್ಲಿ ನಡೆದದ್ದು ಮಾತುಕತೆ ಮಾತ್ರ, ಯಾರನ್ನೂ ಕಟ್ಟಿಹಾಕುವ ನಿಯಮವಲ್ಲ. ಆದರೂ ಎರಡೂ ಬದಿಯ ನೋವು ತಿಳಿದಿರುವ ದೇಶ ಆ ಮೇಜಿನಲ್ಲಿ ನಿಯಮಕ್ಕಾಗಿ ದನಿಯೆತ್ತಬೇಕೆಂದು ಕೇಳುವ ಹಕ್ಕು ನಮಗಿದೆ.

ಯಾವ ನಿಯಮ ಬೇಕೆಂಬುದು ಗುಟ್ಟಲ್ಲ. ದೇಶವೊಂದು ಕೈಚೆಲ್ಲಿದ ದಿನದಿಂದಲೇ ಕಂತೂ ದಾವೆಯೂ ನಿಲ್ಲಬೇಕು. ಸರ್ಕಾರ, ಬ್ಯಾಂಕು, ಬಾಂಡ್ ಕೊಂಡವರು ಎಲ್ಲರ ಸಾಲವೂ ಒಂದೇ ಮೇಜಿಗೆ ಬರಬೇಕು. ಎಷ್ಟು ಬಿಡಬೇಕೆಂದು ಹೇಳುವವರು ಸಾಲ ಕೊಟ್ಟವರಾಗಿರಬಾರದು. ಉಳಿದ ಕಂತು ಗಳಿಕೆಯ ಜೊತೆ ಏರಿಳಿಯಬೇಕು. ಐಎಂಎಫ್‌ನ ಆನ್ ಕ್ರೂಗರ್ 2001ರಲ್ಲಿ ದೇಶಗಳ ದಿವಾಳಿಗೆ ಕಾನೂನಿನ ಚೌಕಟ್ಟೊಂದನ್ನು ಮುಂದಿಟ್ಟರು. ಅಮೆರಿಕದ ವಿರೋಧದಿಂದ 2003ರಲ್ಲಿ ಅದು ಮೂಲೆಗೆ ಬಿತ್ತು. 2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸಾಲ ಮರುಹೊಂದಾಣಿಕೆಯ ಒಂಬತ್ತು ಮೂಲತತ್ತ್ವಗಳನ್ನು 136 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದ ಆರು ಮತಗಳಲ್ಲಿ ಒಂದು ಜರ್ಮನಿಯದು. ತನಗೆ 1953ರಲ್ಲಿ ಸಿಕ್ಕ ನ್ಯಾಯವನ್ನು ನಿಯಮವಾಗಿಸಲು ಆ ದೇಶ ಒಪ್ಪಲಿಲ್ಲ. ನಿಯಮವಿಲ್ಲದಿರುವವರೆಗೆ ಸಾಲಮನ್ನಾ ಬಲವಿದ್ದವರಿಗೆ ಬೇಗ, ಬಲವಿಲ್ಲದವರಿಗೆ ತಡವಾಗಿ ಸಿಗುವ ಕೃಪೆಯಾಗಿಯೇ ಉಳಿಯುತ್ತದೆ. ಜಾಂಬಿಯಾದ ಅರ್ಧ ಶತಮಾನ ಹೇಳುವುದು ಇದನ್ನೇ: ತೀರಿಸಲಾಗದ ಸಾಲ ಎಂದಿದ್ದರೂ ಮನ್ನಾ ಆಗಿಯೇ ಆಗುತ್ತದೆ, ಅದು ಕಾನೂನಿನಿಂದ ಬೇಗ ಆಗುತ್ತದೆಯೋ, ಒಂದು ಪೀಳಿಗೆಯ ಆರೋಗ್ಯ ಮತ್ತು ವಿದ್ಯೆಯನ್ನು ಬಡ್ಡಿಯಾಗಿ ತೆಗೆದುಕೊಂಡ ಮೇಲೆ ಆಗುತ್ತದೆಯೋ ಎಂಬುದಷ್ಟೇ ನಮ್ಮ ಆಯ್ಕೆಗೆ ಬಿಟ್ಟದ್ದು. ಮೊದಲ ದಾರಿ ಸಾಧ್ಯವೆಂದು ಲಂಡನ್ ಎಪ್ಪತ್ತು ವರ್ಷಗಳ ಹಿಂದೆಯೇ ತೋರಿಸಿದೆ. ಅದನ್ನು ಎಲ್ಲರ ಹಕ್ಕಾಗಿಸುವುದೇ ಉಳಿದಿರುವ ಕೆಲಸ.